ನಾಲ್ಕು ದಿನ, ನಾಲ್ಕು ಊರು, ಒಂದು ಹೊಳೆ

ಪರೀಕ್ಷೆ ಮುಗಿದ ಮರುದಿನವೇ ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ವಿಯೆಟ್ನಾಂ ಪ್ಯಾಕೇಜ್. ಹನೋಯ್, ಹಾಲಾಂಗ್ ಕೊಲ್ಲಿ, ಹುಯೆ, ಹೊಯಿ ಆನ್, ಆರು ರಾತ್ರಿ, ಏಳು ಹಗಲು. ಕೆಳಗೆ ಬರೆದಿದ್ದ ರೇಟು ನೋಡಿ ಗ್ರೂಪು ಸ್ವಲ್ಪ ಹೊತ್ತು ಸುಮ್ಮನಾಯ್ತು. ಆಮೇಲೆ ಯಾರೋ "ಬಿಡ್ರೋ, ಚನ್ನಪಟ್ಟಣಕ್ಕೆ ಹೋಗೋಣ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಯೋಚನೆ ಶುರುವಾಯ್ತು, ಇದರಲ್ಲಿ ನಗೋದು ಏನಿದೆ?

ವಿಯೆಟ್ನಾಂಗೆ ಹೋಗೋರು ಹತ್ತೋದು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ. ಅಲ್ಲಿ 2022ರ ನವೆಂಬರ್‌ನಲ್ಲಿ ಅನಾವರಣವಾದ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಇದೆ. ಎಲ್ಲರೂ ಸೆಲ್ಫಿ ತೆಗೀತಾರೆ. ಅದೇ ಕೆಂಪೇಗೌಡರ ಸಮಾಧಿ ಇರೋದು ಮಾಗಡಿ ತಾಲ್ಲೂಕಿನ ಕೆಂಪಾಪುರ ಅನ್ನೋ ಹಳ್ಳಿಯಲ್ಲಿ. ನಮ್ಮ ಕ್ಲಾಸಿನ 60 ಜನರಲ್ಲಿ ಎಷ್ಟು ಜನ ನೋಡಿದ್ದಾರೆ ಅಂತ ಕೇಳಿದೆ. ಒಬ್ಬರೂ ಇಲ್ಲ.

ಹಾಗಾಗಿ ಈ ಲೇಖನ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ, ಈ ನಾಲ್ಕು ಊರುಗಳನ್ನು ನಾಲ್ಕು ದಿನದಲ್ಲಿ ಹೇಗೆ ನೋಡಬಹುದು, ಏನು ನೋಡಬೇಕು, ಯಾಕೆ ನೋಡಬೇಕು ಅಂತ ವಿವರಿಸ್ತೀನಿ. 2007ರಲ್ಲಿ ಇವು ನಾಲ್ಕೂ ಸೇರಿ ರಾಮನಗರ ಜಿಲ್ಲೆ ಆಯ್ತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು. ಜಿಲ್ಲಾ ಕೇಂದ್ರ ಈಗಲೂ ರಾಮನಗರವೇ.

ದಾರಿ ಹೇಗೆ?

ಮಧ್ಯದಲ್ಲಿ ರಾಮನಗರ ಇದೆ ಅಂದುಕೊಳ್ಳಿ. ಉತ್ತರಕ್ಕೆ ಸುಮಾರು 35 ಕಿಲೋಮೀಟರ್ ಹೋದರೆ ಮಾಗಡಿ, ಮೈಸೂರು ಕಡೆಗೆ 12 ಕಿಲೋಮೀಟರ್ ಹೋದರೆ ಚನ್ನಪಟ್ಟಣ, ಇನ್ನೊಂದು ಕಡೆ ಸುಮಾರು 27 ಕಿಲೋಮೀಟರ್ ಹೋದರೆ ಕನಕಪುರ. ರಾಮನಗರದಲ್ಲಿ ರೂಮು ಮಾಡಿಕೊಂಡರೆ ದಿನಾ ಒಂದೊಂದು ದಿಕ್ಕಿಗೆ ಹೋಗಿ ಬರಬಹುದು. ಬೆಂಗಳೂರು–ಮೈಸೂರು ರೈಲು ರಾಮನಗರ, ಚನ್ನಪಟ್ಟಣ ಎರಡರಲ್ಲೂ ನಿಲ್ಲುತ್ತೆ. ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ, ಬಸ್ಸೇ ಗತಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರಿಂದ ಶಕ್ತಿ ಯೋಜನೆ ಇರೋದರಿಂದ ಹುಡುಗಿಯರಿಗೆ ಟಿಕೆಟ್ ಖರ್ಚೇ ಇಲ್ಲ. ಹುಡುಗರು ಹೊಟ್ಟೆಕಿಚ್ಚು ಪಡಬೇಡಿ.

ನಾನು ಹೇಳೋ ಕ್ರಮ ಇದು: ಮಾಗಡಿಯಿಂದ ಶುರು, ಕನಕಪುರದಲ್ಲಿ ಮುಕ್ತಾಯ. ಯಾಕೆ ಅಂದರೆ ಅರ್ಕಾವತಿ ಹೊಳೆ ಹರಿಯೋದೇ ಹಾಗೆ. ನಂದಿ ಬೆಟ್ಟದಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಮಂಚನಬೆಲೆ ದಾಟಿ, ರಾಮನಗರದ ಪಕ್ಕ ಹಾದು, ಕನಕಪುರದ ಕೆಳಗೆ ಸಂಗಮದಲ್ಲಿ ಕಾವೇರಿ ಸೇರುತ್ತೆ. ಚನ್ನಪಟ್ಟಣ ಮಾತ್ರ ಈ ಹೊಳೆಗೆ ಸೇರಿದ್ದಲ್ಲ, ಅದರದ್ದು ಕಣ್ವ ನದಿ. ಆದರೂ ಚನ್ನಪಟ್ಟಣ ಬಿಟ್ಟು ಟ್ರಿಪ್ ಮಾಡೋಕೆ ಆಗಲ್ಲ. ಕಾರಣ ಮುಂದೆ ಹೇಳ್ತೀನಿ.

ಮೊದಲ ದಿನ: ಮಾಗಡಿ

ಬೆಂಗಳೂರು ಕಟ್ಟಿದ್ದು 1537ರಲ್ಲಿ ಕೆಂಪೇಗೌಡರು ಅಂತ ಸ್ಕೂಲಲ್ಲಿ ಓದಿರ್ತೀವಿ. ಆದರೆ ಅವರ ವಂಶದವರು 'ಮಾಗಡಿ ಕೆಂಪೇಗೌಡರು' ಆಗಿದ್ದು ಹೇಗೆ ಅನ್ನೋದು ನನಗೆ ಇತ್ತೀಚೆಗಷ್ಟೇ ಗೊತ್ತಾಯ್ತು. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ. ಊರು ಕಟ್ಟಿದ ಮನೆತನ ಊರು ಬಿಟ್ಟು ಮಾಗಡಿಗೆ ಬಂತು. ಅಲ್ಲಿಂದ 1728ರವರೆಗೆ, ಅಂದರೆ ಮೈಸೂರಿನವರು ಮಾಗಡಿಯನ್ನು ಹಿಡಿಯೋ ತನಕ ಆಳಿದರು. ಕೋಟೆ ಊರೊಳಗೇ ಇದೆ. ಸೋಮೇಶ್ವರ ದೇವಸ್ಥಾನ, ತಿರುಮಲೆಯ ರಂಗನಾಥಸ್ವಾಮಿ ದೇವಸ್ಥಾನ ಎರಡನ್ನೂ ಬೆಳಿಗ್ಗೆಯೇ ನೋಡಿಬಿಡಬಹುದು. ಕೆಂಪಾಪುರದ ಸಮಾಧಿ ಸಂಶೋಧಕರ ಕಣ್ಣಿಗೆ ಬಿದ್ದಿದ್ದು 2015ರಲ್ಲಿ. ಅಷ್ಟು ವರ್ಷ ಅದು ಅಲ್ಲೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೆ.

ಮಧ್ಯಾಹ್ನಕ್ಕೆ ಮೊದಲೇ ಸಾವನದುರ್ಗ ತಲುಪಿರಬೇಕು. ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರ, ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಅಂತ ಹೆಸರು. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು ಭಾಗ. ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಸ್ಥಾನಗಳಿವೆ. ಮೂರನೇ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಈ ದುರ್ಗವನ್ನು ಹಿಡಿಯಿತು.

ಇಲ್ಲಿ ಎಂಜಿನಿಯರಿಂಗ್ ತಲೆ ಸ್ವಲ್ಪ ಓಡಿಸೋಣ. ಈ ಬೆಟ್ಟ ಯಾಕೆ ಇಷ್ಟು ನುಣ್ಣಗೆ, ಬೋರಲು ಹಾಕಿದ ಬಾಣಲೆ ಥರ ಇದೆ? ಇದು ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಶಿಲಾಪಾಕ ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾಯ್ತು. ನಿಧಾನಕ್ಕೆ ತಣ್ಣಗಾದರೆ ಹರಳುಗಳು ದೊಡ್ಡದಾಗಿ ಬೆಳೀತವೆ. ಬಂಡೆ ಮೇಲೆ ಕಾಣೋ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳೇ ಅದಕ್ಕೆ ಸಾಕ್ಷಿ. ಆಮೇಲೆ ಕೋಟ್ಯಂತರ ವರ್ಷ ಮಳೆ ಗಾಳಿಗೆ ಮೇಲಿನ ಪದರಗಳು ಸವೆದು ಹೋದವು. ಮೇಲಿದ್ದ ಭಾರ ಇಳಿದ ಕೂಡಲೇ ಒಳಗಿನ ಬಂಡೆ ಸ್ವಲ್ಪ ಹಿಗ್ಗಿ, ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಬಿರುಕು ಬಿಡುತ್ತೆ. ಪದರ ಕಳಚಿ ಬೀಳ್ತಾ ಬೀಳ್ತಾ ಉಳಿಯೋದು ಗುಂಡನೆಯ ಗುಡ್ಡ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಲೋಡ್ ತೆಗೆದರೆ ಏನಾಗುತ್ತೆ ಅಂತ ಓದಿದ್ದೀವಲ್ಲ, ಅದರದ್ದೇ ದೊಡ್ಡ ಮಾಡೆಲ್ ಇದು.

ಹತ್ತೋಕೆ ಅರಣ್ಯ ಇಲಾಖೆಯ ಟಿಕೆಟ್ ಬೇಕು, ಮೊದಲೇ ವಿಚಾರಿಸಿಕೊಳ್ಳಿ. ಮಳೆ ಬಂದ ದಿನ ದಯವಿಟ್ಟು ಬೇಡ. ಒದ್ದೆ ಗ್ರಾನೈಟ್ ಮೇಲೆ ಒಳ್ಳೇ ಶೂ ಕೂಡ ಜಾರುತ್ತೆ, ಹಿಡ್ಕೊಳ್ಳೋಕೆ ಒಂದು ಗಿಡವೂ ಇರಲ್ಲ.

ಎರಡನೇ ದಿನ: ರಾಮನಗರ

ಊರಿನ ಹೆಸರೇ ಒಂದು ಕಥೆ. ಟಿಪ್ಪು ಕಾಲದಲ್ಲಿ ಶಂಸೇರಾಬಾದ್. ಆಮೇಲೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಲ್ಲಿ ಕ್ಲೋಸ್‌ಪೇಟೆ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ರಾಮನಗರ. ಊರಿನವರು ಕ್ಲೋಸ್‌ಪೇಟೆಯನ್ನು ಮರೆತರೂ ಭೂವಿಜ್ಞಾನ ಮರೆತಿಲ್ಲ. ಸಾವನದುರ್ಗ, ರಾಮದೇವರ ಬೆಟ್ಟ, ಕಬ್ಬಾಳದುರ್ಗ ಎಲ್ಲವೂ ಸೇರಿರೋ, ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಚಾಚಿರೋ ಈ ಕಲ್ಲಿನ ಪಟ್ಟಿಗೆ ಪ್ರಪಂಚದ ಪುಸ್ತಕಗಳಲ್ಲೆಲ್ಲ 'ಕ್ಲೋಸ್‌ಪೇಟ್ ಗ್ರಾನೈಟ್' ಅಂತಲೇ ಹೆಸರು.

ಬೆಳಿಗ್ಗೆ ಬೇಗ ರಾಮದೇವರ ಬೆಟ್ಟ ಹತ್ತಿ. ಎಲ್ಲರೂ ಇಲ್ಲಿ ಹುಡುಕೋದು ಗಬ್ಬರ್ ಸಿಂಗ್‌ನ ಬಂಡೆ. 'ಶೋಲೆ' ಚಿತ್ರೀಕರಣ ಇಲ್ಲಿ 1973ರಲ್ಲಿ ಶುರುವಾಗಿ, ಸಿನಿಮಾ 1975ರ ಆಗಸ್ಟ್ 15ಕ್ಕೆ ಬಿಡುಗಡೆಯಾಯ್ತು. ರಾಮಗಢ ಅನ್ನೋ ಹಳ್ಳಿಯ ಸೆಟ್ ಹಾಕಿದ ಜಾಗಕ್ಕೆ ನಿರ್ದೇಶಕರ ಹೆಸರಿನಿಂದ 'ಸಿಪ್ಪಿನಗರ' ಅಂತ ಕರೆಯೋದೂ ರೂಢಿಯಾಯ್ತು. ಆದರೆ ಆ ಹಳ್ಳಿ ಈಗ ಇಲ್ಲ, ಸೆಟ್ ತಾನೆ.

ನಿಜವಾಗಿ ಇಲ್ಲಿ ನೋಡಬೇಕಾದ ನಿವಾಸಿಗಳು ಬೇರೆ: ರಣಹದ್ದುಗಳು. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ವನ್ಯಧಾಮ ಅಂತ ಘೋಷಿಸಿತು. ದೇಶದಲ್ಲೇ ರಣಹದ್ದಿಗೆ ಅಂತ ಮಾಡಿದ ಮೊದಲ ವನ್ಯಧಾಮ. ಆಗಲೇ ಹೇಳಿದ ಗ್ರಾನೈಟ್ ಪದರ ಕಳಚಿದಾಗ ಕಡಿದಾದ ಗೋಡೆಯಲ್ಲಿ ಚಿಕ್ಕ ಕಟ್ಟೆಗಳು ಉಂಟಾಗ್ತವೆ. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟೋದು ಅಲ್ಲೇ. ವರ್ಷಕ್ಕೆ ಒಂದೇ ಮೊಟ್ಟೆ.

ಇವು ಯಾಕೆ ಕಮ್ಮಿಯಾದವು? ದನಗಳಿಗೆ ನೋವು, ಬಾವು ಬಂದಾಗ ಡೈಕ್ಲೋಫೆನಾಕ್ ಅನ್ನೋ ಔಷಧಿ ಕೊಡ್ತಿದ್ದರು. ದನಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಆ ದನ ಸತ್ತು, ಅದರ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತೆ. ಒಂದು ಹೆಣದ ಸುತ್ತ ಹತ್ತಾರು ಹದ್ದು ಕೂರೋದರಿಂದ ಒಂದೇ ದನ ಸಾಕು, ಇಡೀ ಗುಂಪು ಹೋಗುತ್ತೆ. 2006ರಲ್ಲಿ ಭಾರತ ಪಶುಚಿಕಿತ್ಸೆಯಲ್ಲಿ ಈ ಔಷಧಿಯನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ನಿಷೇಧವಾದವು. ಈಗ ಇಲ್ಲಿ ಬೆರಳೆಣಿಕೆಯಷ್ಟು ಹದ್ದುಗಳು ಮಾತ್ರ. ಹಾಗಾಗಿ ಬ್ಲೂಟೂತ್ ಸ್ಪೀಕರ್, ಡ್ರೋನ್, "ಕಿತ್ನೇ ಆದ್ಮಿ ಥೆ" ಅಂತ ಕಿರುಚೋದು, ಎಲ್ಲ ಕೆಳಗೇ ಬಿಟ್ಟು ಹೋಗಿ.

ಬೆಟ್ಟ ಇಳಿದು ರೇಷ್ಮೆಗೂಡು ಮಾರುಕಟ್ಟೆಗೆ ಬನ್ನಿ. ಏಷ್ಯಾದಲ್ಲೇ ದೊಡ್ಡದು ಅಂತ ಪ್ರಸಿದ್ಧಿ. ಹಳದಿ ಗೂಡು, ಬಿಳಿ ಗೂಡು ರಾಶಿ ರಾಶಿ. ರೈತರು ಒಂದು ಕಡೆ, ನೂಲು ಬಿಚ್ಚೋ ರೀಲರ್‌ಗಳು ಇನ್ನೊಂದು ಕಡೆ, ಹರಾಜು. ರೈತರಿಗೆ ಯಾಕೆ ಅಷ್ಟು ಅವಸರ ಗೊತ್ತಾ? ಗೂಡಿನೊಳಗೆ ಜೀವ ಇದೆ. ತಡವಾದರೆ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ. ಒಂದು ಒಳ್ಳೇ ಬಿಳಿ ಗೂಡಿನಲ್ಲಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತೆ. ತೂತಾದರೆ ಆ ಎಳೆ ನೂರು ಕಡೆ ತುಂಡು. ಅದಕ್ಕೇ ರೈತ "ರೇಟು ಸರಿಯಿಲ್ಲ, ಮುಂದಿನ ತಿಂಗಳು ಬರ್ತೀನಿ" ಅನ್ನೋಕಾಗಲ್ಲ. ಸಾಫ್ಟ್‌ವೇರ್ ರಿಲೀಸ್ ಡೆಡ್‌ಲೈನ್ ಇದರ ಮುಂದೆ ಏನೂ ಅಲ್ಲ.

ಮೂರನೇ ದಿನ: ಚನ್ನಪಟ್ಟಣ

ರಾಮನಗರದಿಂದ ಹಳೇ ಮೈಸೂರು ರಸ್ತೆಯಲ್ಲಿ ಹೋಗ್ತಾ ಜಾನಪದ ಲೋಕ ಸಿಗುತ್ತೆ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ ಹಾಡು, ವಸ್ತು, ಮುಖವಾಡ, ತೊಗಲುಗೊಂಬೆಗಳಿಗೆ 1994ರಲ್ಲಿ ಇಲ್ಲಿ ಮನೆ ಮಾಡಿದರು. ಅಲ್ಲಿರೋ ಬೀಸೋಕಲ್ಲು, ಕೂರಿಗೆ, ಸೇರು, ಬಳ್ಳಗಳಲ್ಲಿ ಅರ್ಧದ ಹೆಸರು ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು. ನಮ್ಮಜ್ಜಿ ದಿನಾ ಮುಟ್ಟಿದ ಸಾಮಾನಿನ ಹೆಸರನ್ನು ಬೋರ್ಡ್ ನೋಡಿ ಕಲಿಯಬೇಕಾಯ್ತಲ್ಲ ಅಂತ ಸ್ವಲ್ಪ ನಾಚಿಕೆ ಆಯ್ತು.

ಮುಂದೆ ಕೆಂಗಲ್ ಆಂಜನೇಯ, ಆಮೇಲೆ ಚನ್ನಪಟ್ಟಣ. ಊರು ದಾಟಿ ಸ್ವಲ್ಪ ಮುಂದೆ ಮಳೂರಿನಲ್ಲಿ ಅಪ್ರಮೇಯಸ್ವಾಮಿ ದೇವಸ್ಥಾನ, ಅದರೊಳಗೆ ಅಂಬೆಗಾಲು ಕೃಷ್ಣ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಕಟ್ಟಿದ ಪುಟ್ಟ ತೊಟ್ಟಿಲುಗಳು ಅಲ್ಲಿ ತುಂಬಾ ಕಾಣ್ತವೆ.

ಇನ್ನು ಗೊಂಬೆ. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಕೆಲಸ ಇಲ್ಲಿಗೆ ಬಂತು ಅಂತ ಪ್ರತೀತಿ. 2000ದ ದಶಕದ ಮಧ್ಯದಲ್ಲಿ ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಮಾಡೋ ರೀತಿ ಹೀಗೆ. ಆಲೆ ಮರದ ದಿಮ್ಮಿಯನ್ನು ತಿಂಗಳುಗಟ್ಟಲೆ ಒಣಗಿಸ್ತಾರೆ. ಈ ಮರ ಮೆತ್ತಗೆ, ಬೆಳ್ಳಗೆ, ಎಳೆ ಕಾಣದಷ್ಟು ನಯ. ತುಂಡು ಮಾಡಿ ಲೇತ್‌ಗೆ ಹಾಕಿ ಉಳಿಯಿಂದ ಆಕಾರ ಕೊಡ್ತಾರೆ. ನಮ್ಮ ವರ್ಕ್‌ಶಾಪ್ ಲ್ಯಾಬಿನಲ್ಲಿ ನಾವು ಮೂರು ಗಂಟೆ ಒದ್ದಾಡೋ ಟೇಪರ್ ಟರ್ನಿಂಗ್ ಅನ್ನು ಅವರು ಕಣ್ಣಳತೆಯಲ್ಲೇ ಮುಗಿಸ್ತಾರೆ. ಆಮೇಲೆ ಬಣ್ಣ. ಬ್ರಷ್ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗ್ತಾ ಇರೋ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ. ಕೊನೆಗೆ ಕೇದಿಗೆ ಜಾತಿಯ ಎಲೆ ಒತ್ತಿದರೆ ಕನ್ನಡಿಯಂಥ ಹೊಳಪು. ಒಲೆ ಇಲ್ಲ, ಗೂಡು ಇಲ್ಲ, ಬರೀ ಘರ್ಷಣೆ.

ವಿಯೆಟ್ನಾಂನಲ್ಲೂ ಅರಗಿನ ಕೆಲಸ ಪ್ರಸಿದ್ಧ ಅಂತ ಆ ಪೋಸ್ಟರಿನಲ್ಲೇ ಇತ್ತು. ಆದರೆ ಅಲ್ಲಿಯದು ಒಂದು ಮರದ ಹಾಲಿನಿಂದ ಆಗೋದು, ಪದರ ಪದರವಾಗಿ ಬಳಿದು ಒಣಗಿಸಿ ಉಜ್ಜಬೇಕು. ನಮ್ಮದು ಅರಗಿನ ಹುಳು ಕೊಂಬೆ ಮೇಲೆ ಸುರಿಸಿದ ರಾಳ. ಹೊಳಪು ಒಂದೇ ಥರ ಕಂಡರೂ ರಸಾಯನ ಬೇರೆ.

ಈಗ ಚನ್ನಪಟ್ಟಣ ಬಿಡೋಕಾಗಲ್ಲ ಅಂದ ಕಾರಣ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಸುಮಾರು 118 ಕಿಲೋಮೀಟರ್. ಬಿಡದಿಗೆ ಬೈಪಾಸ್, ರಾಮನಗರ–ಚನ್ನಪಟ್ಟಣಕ್ಕೆ ಸೇರಿ ಒಂದು ಬೈಪಾಸ್, ಆಮೇಲೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ಮೊದಲು ಮೈಸೂರಿಗೆ ಹೋಗೋರು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಚನ್ನಪಟ್ಟಣದಲ್ಲಿ ಗೊಂಬೆ ಕೊಂಡು ಹೋಗ್ತಿದ್ದರು. ಈಗ ಊರಿನ ಹೆಸರು ಹಸಿರು ಬೋರ್ಡಿನಲ್ಲಿ ಕಾಣುತ್ತೆ, ಊರು ಕಾಣಲ್ಲ.

ನನ್ನ ಸೋದರಮಾವನದ್ದು ಅಲ್ಲೇ ಹಳೇ ರಸ್ತೆ ಬದಿ ಒಂದು ಚಿಕ್ಕ ಗೊಂಬೆ ಅಂಗಡಿ. ಹೋದ ಸಲ ಹೋದಾಗ, "ಮೊದ್ಲು ಕಾರ್ ನಿಲ್ಸಕ್ಕೆ ಜಾಗ ಇರ್ತಿರ್ಲಿಲ್ಲ ಕಣಪ್ಪ. ಈಗ ಜಾಗ ಐತೆ, ಕಾರ್ ಇಲ್ಲ" ಅಂದ. ನಗ್ತಾನೇ ಅಂದ. ಆದರೆ ಅವನ ಮಗ ಗೊಂಬೆ ಕೆಲಸ ಬಿಟ್ಟು ಬಿಡದಿಯ ಫ್ಯಾಕ್ಟರಿಗೆ ಸೇರಿ ಒಂದು ವರ್ಷ ಆಗಿತ್ತು.

ಎಕ್ಸ್‌ಪ್ರೆಸ್‌ವೇ ಬೇಡ ಅಂತ ನಾನು ಹೇಳಲ್ಲ. ಮೂರೂವರೆ ಗಂಟೆ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಸಿಕ್ಕಿಕೊಳ್ಳೋದು ಯಾರಿಗೂ ಬೇಡ. ಆದರೆ ರಸ್ತೆ ಊರನ್ನು ಬಳಸಿಕೊಂಡು ಹೋದಾಗ ಊರು ಏನು ಮಾಡಬೇಕು ಅನ್ನೋದು ನಿಜವಾದ ಪ್ರಶ್ನೆ. ಇದಕ್ಕೆ ಆ ಪೋಸ್ಟರಿನಲ್ಲಿದ್ದ ಹೊಯಿ ಆನ್ ಒಂದು ಉದಾಹರಣೆ. ಒಂದು ಕಾಲಕ್ಕೆ ಜಪಾನ್, ಚೀನಾದ ವರ್ತಕರು ಬಂದು ನೆಲೆಸಿದ ದೊಡ್ಡ ಬಂದರು ಅದು. ನದಿಯಲ್ಲಿ ಹೂಳು ತುಂಬಿತು, ಹಡಗುಗಳು ಪಕ್ಕದ ಡಾ ನಾಂಗ್‌ಗೆ ಹೋದವು. ವ್ಯಾಪಾರ ಊರನ್ನು ಬೈಪಾಸ್ ಮಾಡಿತು. ಹೊಸ ಕಟ್ಟಡ ಕಟ್ಟೋ ದುಡ್ಡಿಲ್ಲದೆ ಹಳೇ ಮನೆಗಳು ಹಾಗೇ ಉಳಿದವು. 1999ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣ ಅಂತ ಗುರುತಿಸಿತು. ಇವತ್ತು ಪ್ರಪಂಚವೇ ಅಲ್ಲಿಗೆ ಹೋಗುತ್ತೆ, ದಾರಿಯಲ್ಲಿ ಸಿಗುತ್ತೆ ಅಂತಲ್ಲ, ಅದನ್ನೇ ನೋಡೋಕೆ ಅಂತ.

ಇದೇ ವ್ಯತ್ಯಾಸ. ಚನ್ನಪಟ್ಟಣ ಇಷ್ಟು ವರ್ಷ 'ದಾರಿಯಲ್ಲಿ ಸಿಗೋ ಊರು'. ಅದು 'ಹೋಗೋ ಊರು' ಆಗಬೇಕು. ಹೊಯಿ ಆನ್ ಥರ ನೂರು ವರ್ಷ ಕಾಯೋಕೆ ಆಗಲ್ಲ. ಮನೆಯಾದರೆ ಬೀಗ ಹಾಕಿದರೂ ನಿಂತಿರುತ್ತೆ, ಕೈಕೆಲಸ ಒಂದು ತಲೆಮಾರು ಬಿಟ್ಟರೆ ಮುಗೀತು. ಅದಕ್ಕೆ ಗೊಂಬೆ ಕೊಳ್ಳೋಕೆ ಮುಂಚೆ ಕಲಾನಗರದ ಕಡೆ ನಡೀರಿ, ಲೇತ್ ಓಡೋ ಜಾಗ ತೋರಿಸಿ ಅಂತ ಕೇಳಿ, ಕಣ್ಣೆದುರು ಮಾಡಿದ್ದನ್ನು ಕೊಳ್ಳಿ. ಅಂದ ಹಾಗೆ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕಿಗೆ ಪ್ರವೇಶ ಇಲ್ಲ. ಬೈಕಿರೋ ನಾವು ಹೇಗೂ ಹಳೇ ರಸ್ತೆಯಲ್ಲೇ ಹೋಗಬೇಕು. ಅರ್ಧ ಗಂಟೆ ನಿಲ್ಲಿಸೋಕೆ ಏನು ಕಷ್ಟ?

ನಾಲ್ಕನೇ ದಿನ: ಕನಕಪುರ

ಹಳೇ ಹೆಸರು ಕಾನಕಾನಹಳ್ಳಿ. ಸಾತನೂರು ಕಡೆ ಹೋದರೆ ಕಬ್ಬಾಳಮ್ಮನ ದೇವಸ್ಥಾನ, ಅದರ ಹಿಂದೆ ಕಬ್ಬಾಳದುರ್ಗ. ಮೈಸೂರು ಅರಸರ ಕಾಲದಲ್ಲಿ ಆ ದುರ್ಗ ಸೆರೆಮನೆ ಆಗಿತ್ತು. ಕಡಿದಾದ ಬಂಡೆಯೇ ಗೋಡೆ, ಬೇರೆ ಗೋಡೆ ಬೇಕಾಗಿರಲಿಲ್ಲ.

ಅಲ್ಲಿಂದ ಸಂಗಮ. ಅರ್ಕಾವತಿ ಕಾವೇರಿಯನ್ನು ಸೇರೋ ಜಾಗ. ಹೊಳೆ ದಾಟಿ ನಾಲ್ಕು ಕಿಲೋಮೀಟರ್ ಆಸುಪಾಸು ಹೋದರೆ ಮೇಕೆದಾಟು. ನೀರು ಜಾಸ್ತಿ ಇದ್ದಾಗ ಹೊಳೆ ದಾಟಿಸಲ್ಲ, ಜಗಳ ಆಡಬೇಡಿ. ಮೇಕೆದಾಟಿನಲ್ಲಿ ಅಗಲವಾಗಿ ಬಂದ ಕಾವೇರಿ ಒಂದು ಕಿರಿದಾದ ಕಲ್ಲಿನ ಸಂದಿಗೆ ನುಗ್ಗುತ್ತೆ. ಮೇಕೆ ಹಾರಿ ದಾಟುವಷ್ಟು ಕಿರಿದು ಅಂತ ಆ ಹೆಸರು. ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ: ವಿಸ್ತೀರ್ಣ ಗುಣಿಸು ವೇಗ ಎಲ್ಲ ಕಡೆ ಒಂದೇ. ಅಗಲ ಕಮ್ಮಿಯಾದರೆ ವೇಗವೋ ಆಳವೋ ಹೆಚ್ಚಾಗಲೇಬೇಕು. ಸುಳಿಗೆ ಸಿಕ್ಕ ಕಲ್ಲುಗಳು ಗಿರಗಿರ ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿ ಕೊರೆದಿವೆ. ಬಂಡೆಯನ್ನೇ ಕೊರೆದ ನೀರು ಅದು. ಮೇಲೆ ಶಾಂತವಾಗಿ ಕಂಡರೂ ಅಡಿಯಲ್ಲಿ ಎಳೆತ ಇರುತ್ತೆ. ಇಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ನಮ್ಮ ವಯಸ್ಸಿನ ಹುಡುಗರೂ ಇದ್ದಾರೆ. ಈಜು ಬರುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ನೋಡಿ, ದೂರದಿಂದ ಫೋಟೋ ತೆಗೀರಿ, ಬನ್ನಿ.

ಸಂಗಮದಲ್ಲಿ ಕೂತಾಗ ಇನ್ನೊಂದು ವಿಷಯ ಯೋಚಿಸಿ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ, ಬಿಡದಿ ಹತ್ತಿರದ ಭೈರಮಂಗಲ ಕೆರೆ ದಾಟಿ ಇದೇ ಅರ್ಕಾವತಿಯನ್ನು ಸೇರುತ್ತೆ. ಇದೇ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯದಿಂದ 1933ರಿಂದ ಬೆಂಗಳೂರು ನೀರು ಕುಡಿದಿದೆ. ಮೇಲಿನಿಂದ ಕುಡಿದಿದ್ದು ನಾವು, ಕೆಳಗೆ ಕೊಳಚೆ ಬಿಟ್ಟಿದ್ದೂ ನಾವು. ನಮ್ಮ ಹಾಸ್ಟೆಲ್ ಬಚ್ಚಲಿನ ನೀರು ನಮಗಿಂತ ಮುಂಚೆಯೇ ಈ ಟ್ರಿಪ್ ಮುಗಿಸಿದೆ.

ಕೊನೆಗೆ

ವಿಯೆಟ್ನಾಂಗೆ ಹೋಗಬೇಡಿ ಅಂತ ಅಲ್ಲ. ದುಡ್ಡಾದಾಗ ನಾನೂ ಹೋಗ್ತೀನಿ, ಹೊಯಿ ಆನ್ ನೋಡೋ ಆಸೆ ನಿಜವಾಗಲೂ ಇದೆ. ಆದರೆ ಅಲ್ಲಿ ಯಾರಾದರೂ "ನಿಮ್ಮೂರ ಹತ್ತಿರ ಏನಿದೆ?" ಅಂತ ಕೇಳಿದರೆ ಹೇಳೋಕೆ ಒಂದು ಉತ್ತರ ಬೇಕಲ್ವಾ?

ಮುಂದಿನ ರಜೆಗೆ ನಾವು ಏಳು ಜನ ಹೆಸರು ಕೊಟ್ಟಿದ್ದೀವಿ. ಅವತ್ತು ಚನ್ನಪಟ್ಟಣ ಅಂತ ತಮಾಷೆ ಮಾಡಿದವನೇ ಮೊದಲ ಹೆಸರು. ಮಾವನಿಗೆ ಫೋನ್ ಮಾಡಿ ಹೇಳಿದೆ. "ಏಳು ಜನಾನಾ? ಬನ್ನಿ ಬನ್ನಿ, ಲೇತ್‌ಗೆ ಎಣ್ಣೆ ಬಿಟ್ಟಿಡ್ತೀನಿ" ಅಂದ.